ಬೋರ್ ಮಾಡಿಸಿದ ಮೇಲೂ ಹೊಗೆ: ಇಂಜಿನ್ ಮತ್ತೆ ಬಿಚ್ಚಿಸುವ ಮೊದಲು

ಅಣ್ಣ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. 2009ರ ಸ್ಪ್ಲೆಂಡರ್ ಬೈಕ್. ಪೇಟೆಯ ಗ್ಯಾರೇಜಲ್ಲಿ ಇಂಜಿನ್ ಇಳಿಸಿ ಬೋರಿಂಗ್ (ಪಿಸ್ಟನ್ ಓಡಾಡುವ ಸಿಲಿಂಡರನ್ನು ಕೊರೆದು ನಯ ಮಾಡುವುದು), ಪಿಸ್ಟನ್ ಕಿಟ್, ಟೈಮಿಂಗ್ ಚೈನ್, ವಾಲ್ವ್ ಕೆಲಸ ಎಲ್ಲ ಸೇರಿ 14,500 ರೂಪಾಯಿ ಕೊಟ್ಟಿದ್ದೀರಿ. ಗಾಡಿ ಕೈಗೆ ಬಂದು ತಿಂಗಳಾಗಿಲ್ಲ, ನೀಲಿ ಹೊಗೆ, ಹೆಡ್ (ಇಂಜಿನ್ನಿನ ಮೇಲ್ಭಾಗ, ವಾಲ್ವ್ ಇರುವ ಜಾಗ) ಕಡೆಯಿಂದ ಟಕಟಕ ಶಬ್ದ, ಆಯಿಲ್ ಬೇರೆ ಬೇಗ ಇಳಿಯುತ್ತಿದೆ. ಮೊದಲು "ಓಡಿಸಿ, ಸೆಟ್ ಆಗುತ್ತೆ" ಅಂದವರು ಈಗ "ಕ್ರ್ಯಾಂಕ್ ಹೋಗಿದೆ, ಇನ್ನೂ 6,000 ಆಗುತ್ತೆ" ಅನ್ನುತ್ತಿದ್ದಾರೆ. ಆ ದುಡ್ಡು ಕೊಡಲಾ, ಬೇರೆ ಗ್ಯಾರೇಜಿಗೆ ಹೋಗಲಾ, ಇಲ್ಲ ಗುಜರಿ ಇಂಜಿನ್ ಹಾಕಿಸಲಾ ಅಂತ ಕೇಳಿದ್ದೀರಿ.

ಈಗಲೇ ಇದ್ಯಾವುದನ್ನೂ ಮಾಡಬೇಡಿ. ಗಾಡಿ ಓಡಿಸುವುದನ್ನು ಇವತ್ತಿಗೇ ನಿಲ್ಲಿಸಿ. ಸಮಸ್ಯೆ ಯಾವುದು ಅಂತ ನಿಮಗೇ ಗೊತ್ತಾಗುವವರೆಗೆ ಯಾರ ಕೈಯಲ್ಲೂ ಇಂಜಿನ್ ಬಿಚ್ಚಿಸಬೇಡಿ. ಒಮ್ಮೆ ಬಿಚ್ಚಿದರೆ ಮೊದಲಿನವರು ಏನು ಮಾಡಿದ್ದರು ಅನ್ನುವುದಕ್ಕೆ ಪುರಾವೆಯೇ ಉಳಿಯುವುದಿಲ್ಲ. ಎರಡನೇ ಮೆಕ್ಯಾನಿಕ್ ಮೊದಲಿನವರ ಮೇಲೆ ಹಾಕುತ್ತಾರೆ, ಮೊದಲಿನವರು "ಬೇರೆಯವರು ಕೈ ಹಾಕಿದ್ದಾರೆ, ನನಗೆ ಸಂಬಂಧ ಇಲ್ಲ" ಅನ್ನುತ್ತಾರೆ. ನಡುವೆ ಹೋಗುವುದು ನಿಮ್ಮ ದುಡ್ಡು.

ಮೊದಲು ಆ ಕ್ರ್ಯಾಂಕ್ ಮಾತು. ಕ್ರ್ಯಾಂಕ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ತಿರುಗುವಿಕೆ ಮಾಡುವ, ಇಂಜಿನ್ ಕೆಳಭಾಗದ ದಂಡ. ನೀವು ಬರೆದಿರುವುದು ನೋಡಿದರೆ ನನಗೆ ಅದು ಸರಿ ಕಾಣುತ್ತಿಲ್ಲ. ಕ್ರ್ಯಾಂಕಿನ ದೊಡ್ಡ ಬೇರಿಂಗ್ ಸವೆದರೆ ಶಬ್ದ ಕೆಳಗಿನಿಂದ ಬರುತ್ತದೆ. ಲೋಡ್ ಬಿದ್ದಾಗ, ಏರು ಹತ್ತುವಾಗ ಗಟ್ಟಿಯಾಗಿ ಗುದ್ದಿದ ಹಾಗೆ ಕೇಳುತ್ತದೆ. ಮೇಲಿಂದ ಬರುವ ಸಣ್ಣ ಟಕಟಕ ಸಾಮಾನ್ಯವಾಗಿ ವಾಲ್ವ್ ತೆರೆದು ಮುಚ್ಚಿಸುವ ಭಾಗಗಳದ್ದು, ಅಂದರೆ ಟ್ಯಾಪೆಟ್, ರಾಕರ್, ಕ್ಯಾಮ್ ಅಥವಾ ಟೈಮಿಂಗ್ ಚೈನ್ ಕಡೆಯದು. ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಬೋರಿಂಗ್‌ಗೆ ಬ್ಲಾಕ್ (ಸಿಲಿಂಡರ್ ಭಾಗ) ಎತ್ತಿದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಕಣ್ಣೆದುರೇ ನಿಂತಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎಳೆದು ನೋಡುವುದು ಯಾವ ಮೆಕ್ಯಾನಿಕ್ಕಾದರೂ ಮಾಡುವ ಕೆಲಸ. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಆಡಲೇಬಾರದು. ಅವತ್ತು ಆಡುತ್ತಿದ್ದರೆ ಅವತ್ತೇ ಹೇಳಬೇಕಿತ್ತು. ಆಡುತ್ತಿರಲಿಲ್ಲ ಅಂದರೆ ಇಷ್ಟು ಬೇಗ ಹೇಗೆ ಹೋಯಿತು? ಜಗಳ ಆಡದೆ ಇದನ್ನೇ ಕೇಳಿ. ಅವರು ಕೊಡುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಇನ್ನು ಹೊಗೆ. ಇಲ್ಲಿಯವರೆಗೆ ಓಡಿಸಿದಾಗ ಯಾವಾಗ ಜಾಸ್ತಿ ಬರುತ್ತಿತ್ತು ಅಂತ ನೆನಪಿಸಿಕೊಳ್ಳಿ. ಬೆಳಿಗ್ಗೆ ಮೊದಲ ಕಿಕ್ಕಿಗೆ ಒಮ್ಮೆ ದಟ್ಟವಾಗಿ ಬಂದು ನಿಲ್ಲುತ್ತಿತ್ತಾ? ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಕೆಳಗೆ ಮತ್ತೆ ಕೊಟ್ಟಾಗ ಬುಸ್ ಅಂತ ಬರುತ್ತಿತ್ತಾ? ಹಾಗಿದ್ದರೆ ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ಸೀಲ್, ಅಥವಾ ವಾಲ್ವ್ ಜಾರುವ ಗೈಡ್ ಮೇಲೆ ಅನುಮಾನ ಪಡಿ. ಅದು ಹೆಡ್ ಕೆಲಸ, ಬೋರ್ ಮುಟ್ಟಬೇಕಿಲ್ಲ. ಓಡಿಸುತ್ತಿರುವಷ್ಟು ಹೊತ್ತೂ, ಆಕ್ಸಿಲರೇಟರ್ ಕೊಟ್ಟಷ್ಟೂ ಹೊಗೆ ಬರುತ್ತಿದ್ದರೆ ಪಿಸ್ಟನ್ ಸುತ್ತ ಇರುವ ರಿಂಗ್ ಅಥವಾ ಬೋರ್. ಹೊಸ ಕೆಲಸ ಆದಾಗ ಜೋಡಿಸುವಾಗ ಹಚ್ಚಿದ ಆಯಿಲ್ ಉರಿದು ಸ್ವಲ್ಪ ಹೊಗೆ ಬರುವುದು ನಿಜ. ಅದು ಬೇಗ ನಿಲ್ಲಬೇಕು. ದಿನದಿನಕ್ಕೆ ಜಾಸ್ತಿ ಆಗುತ್ತಿದ್ದರೆ ಅದು ಸೆಟ್ ಆಗುವ ಲಕ್ಷಣ ಅಲ್ಲ.

ಖಾತ್ರಿ ಮಾಡಿಕೊಳ್ಳಲು ಇಂಜಿನ್ ಬಿಚ್ಚದೆಯೇ ಒಂದು ದಾರಿ ಇದೆ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಇರುವವರ ಹತ್ತಿರ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಕಿಕ್ ಹೊಡೆದು ಅಳತೆ ನೋಡಿಸಿ. ಆಮೇಲೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಮೊದಲ ಅಳತೆ ಕಡಿಮೆ ಇದ್ದು, ಈಗ ಚೆನ್ನಾಗಿ ಏರಿದರೆ ರಿಂಗ್ ಪಕ್ಕದಿಂದ ಸೋರುತ್ತಿದೆ ಅಂತ. ಏರದಿದ್ದರೆ ವಾಲ್ವ್ ಸರಿಯಾಗಿ ಕೂತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಸೋರುತ್ತಿದೆ. ಎರಡೂ ಅಳತೆಯ ಫೋಟೋ ತೆಗೆದಿಟ್ಟುಕೊಳ್ಳಿ. ಕಂಪನಿ ಸರ್ವಿಸ್ ಸೆಂಟರಲ್ಲಿ ಇದನ್ನು ಮಾಡಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಮುಂದೆ ದೂರು ಕೊಡುವ ಪರಿಸ್ಥಿತಿ ಬಂದರೆ ಬಾಯಿಮಾತಿಗಿಂತ ಆ ಕಾಗದ ಕೆಲಸಕ್ಕೆ ಬರುತ್ತದೆ.

ಟಕಟಕ ಶಬ್ದವನ್ನು ಮಾತ್ರ ಹಗುರವಾಗಿ ತಗೋಬೇಡಿ. ಬರೀ ಟ್ಯಾಪೆಟ್ ಗ್ಯಾಪ್ ಜಾಸ್ತಿ ಆಗಿದ್ದರೆ ಸಣ್ಣ ಕೆಲಸ, ಇಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ಸರಿ ಮಾಡಬಹುದು. ನನಗೆ ಭಯ ಇರುವುದು ಬೇರೆ. ಎಷ್ಟೋ ಕಡೆ ಗ್ಯಾಸ್ಕೆಟ್‌ಗೆ ಪೇಸ್ಟ್ ಧಾರಾಳವಾಗಿ ಮೆತ್ತುತ್ತಾರೆ. ಬಿಗಿ ಮಾಡಿದಾಗ ಅದು ಒಳಗೆ ಹಿಂಡಿಕೊಂಡು, ಹೆಡ್‌ಗೆ ಆಯಿಲ್ ಹೋಗುವ ಸಣ್ಣ ದಾರಿ ಮುಚ್ಚಿಬಿಡುತ್ತದೆ. ಆಯಿಲ್ ಸಿಗದೆ ಕ್ಯಾಮ್ ಒಣಗಿ ಓಡಿದರೆ ಸ್ವಲ್ಪ ದಿನದಲ್ಲೇ ತಿಂದುಹೋಗುತ್ತದೆ. ಟ್ಯಾಪೆಟ್ ಕ್ಯಾಪ್ ಬಿಚ್ಚಿದರೆ ಮೇಲೆ ಆಯಿಲ್ ತಲುಪಿದೆಯಾ ಅಂತ ಗೊತ್ತಾಗುತ್ತದೆ. ಒಣಗಿದ್ದರೆ ಮತ್ತೆ ಸ್ಟಾರ್ಟ್ ಕೂಡ ಮಾಡಬೇಡಿ.

ನಿಮ್ಮ ಕಡೆಯಿಂದಲೂ ಒಂದು ವಿಷಯ ನೋಡಿಕೊಳ್ಳಿ. ತೋಟದ ದಾರಿ, ದೂಳು ಅಂತ ಬರೆದಿದ್ದೀರಿ. ಏರ್ ಫಿಲ್ಟರ್ ಹರಿದಿದ್ದರೆ, ಅಥವಾ ಕಾರ್ಬ್ಯುರೇಟರಿಗೆ ಸೇರುವ ರಬ್ಬರ್ ಸೀಳಿದ್ದರೆ, ದೂಳು ನೇರ ಒಳಗೆ ಹೋಗಿ ಹೊಸ ರಿಂಗನ್ನೂ ಬೇಗ ಸವೆಸುತ್ತದೆ. ಗ್ಯಾರೇಜಿನವರು ಇದೇ ಕಾರಣ ಹೇಳಬಹುದು. ಅದಕ್ಕೇ ಈಗಲೇ ಫಿಲ್ಟರ್ ಬಾಕ್ಸ್ ತೆಗೆದು ಫೋಟೋ ಹೊಡೆದಿಡಿ.

ಇದೆಲ್ಲ ಆದ ಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ. ಸಂಜೆ ಗಿರಾಕಿಗಳ ಮಧ್ಯೆ ಬೇಡ, ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ. ತಪ್ಪು ಅವರದ್ದೇ ಆಗಿರಬೇಕು ಅಂತೇನಿಲ್ಲ. ಬೋರ್ ಹೊಡೆಯುವುದು ಲೇತ್‌ನವರು. ಮೊದಲು ಪಿಸ್ಟನ್ ತಂದು, ಅದನ್ನು ಮೈಕ್ರೋಮೀಟರಲ್ಲಿ ಅಳೆದು, ಆಮೇಲೆ ಅದಕ್ಕೆ ಬೇಕಾದಷ್ಟೇ ಬೋರ್ ಕೊರೆಯಬೇಕು. ನಿಮ್ಮ ಗಾಡಿಯ ಬೋರ್ 50 ಮಿಲಿಮೀಟರ್. ಓವರ್‌ಸೈಜ್ ಪಿಸ್ಟನ್ 0.25, 0.50 ಹೀಗೆ ಏರುತ್ತದೆ. ಅಂದಾಜಿನಲ್ಲಿ ಕೊರೆದು ಪಿಸ್ಟನ್ನಿಗೂ ಬೋರಿಗೂ ನಡುವಿನ ಗ್ಯಾಪ್ ಸ್ವಲ್ಪ ಜಾಸ್ತಿ ಆದರೂ ಎಷ್ಟು ಒಳ್ಳೆಯ ರಿಂಗ್ ಹಾಕಿದರೂ ಹೊಗೆ ನಿಲ್ಲುವುದಿಲ್ಲ. ಹಾಗಾಗಿ ಯಾವ ಸೈಜ್ ಪಿಸ್ಟನ್, ಯಾವ ಕಂಪನಿಯದು, ಎಲ್ಲಿ ಬೋರ್ ಮಾಡಿಸಿದ್ದು, ಹಳೇ ಪಿಸ್ಟನ್ ಎಲ್ಲಿ ಅಂತ ಕೇಳಿ. ಹಳೇ ಸಾಮಾನು ನಿಮ್ಮದು, ಕೇಳುವುದರಲ್ಲಿ ತಪ್ಪೇನಿಲ್ಲ.

ನನ್ನ ಪ್ರಕಾರ ನ್ಯಾಯವಾದ ಒಪ್ಪಂದ ಇದು: ನಿಮ್ಮ ಎದುರಿಗೇ ಬಿಚ್ಚಬೇಕು. ಲೇಬರ್ ಅವರದ್ದು, ಬೋರ್ ತಪ್ಪಿದ್ದರೆ ಹೊಸ ಪಿಸ್ಟನ್ ಕಿಟ್ಟೂ ಅವರದ್ದು. ಮೊದಲ ಬಿಲ್ಲಿನಲ್ಲಿ ಇಲ್ಲದ, ನಿಜವಾಗಿಯೂ ಸವೆದ ಸಾಮಾನು ಇದ್ದರೆ ಅದರ ದುಡ್ಡು ನಿಮ್ಮದು. ಬಿಲ್ಲಿನ ಹಿಂದೆ ಇದನ್ನು ಬರೆದು ಸಹಿ ಮಾಡಿಸಿಕೊಳ್ಳಿ. ಬಿಚ್ಚುವಾಗ ನಿಂತು ನೋಡಿ. ರಿಂಗಿನ ಮೇಲಿರುವ ಅಕ್ಷರ ಮೇಲ್ಮುಖವಾಗಿ ಇದೆಯಾ? ರಿಂಗುಗಳ ಬಾಯಿ ಒಂದೇ ನೇರಕ್ಕೆ ಬಂದಿದೆಯಾ (ಬರಬಾರದು)? ಪಿಸ್ಟನ್ ಮೇಲಿನ "ಇನ್" ಗುರುತು ಕಾರ್ಬ್ಯುರೇಟರ್ ಕಡೆಗೆ ಇದೆಯಾ? ಮತ್ತೆ ಜೋಡಿಸುವಾಗ ಬೋರನ್ನು ತೊಳೆದು, ಆಯಿಲ್ ಸ್ಟ್ರೇನರ್ ಜೊತೆ ಕ್ಲಚ್ ಕವರ್ ಒಳಗಿನ ತಿರುಗುವ ಆಯಿಲ್ ಫಿಲ್ಟರನ್ನೂ ಕ್ಲೀನ್ ಮಾಡಿಸಿ. ಬೋರ್ ಉಜ್ಜುವಾಗ ಬೀಳುವ ಹೋನಿಂಗ್ ಪುಡಿ ಒಳಗೆ ಉಳಿದರೆ ಕ್ರ್ಯಾಂಕ್ ಬೇರಿಂಗ್ ನಿಜಕ್ಕೂ ಹೋಗುತ್ತದೆ. ಅವರು ಹೇಳುವ ಕ್ರ್ಯಾಂಕ್ ಅಲುಗಾಟವನ್ನೂ ಆಗಲೇ ನಿಮ್ಮ ಕೈಯಲ್ಲೇ ನೋಡಿಬಿಡಿ.

ಗಾಡಿ ಅವರ ಹತ್ತಿರ ಬಿಡುವ ಮೊದಲು ಒಂದು ಗೊತ್ತಿರಲಿ. ಮಾಡಿದ ಕೆಲಸಕ್ಕೆ ಕೂಲಿ ಬರುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಗ್ಯಾರೇಜಿನವರಿಗೆ ಇದೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಅದು. ಅದಕ್ಕೇ ಮಾತು ಮೊದಲು, ಗಾಡಿ ಆಮೇಲೆ.

ಒಪ್ಪದಿದ್ದರೆ ಗ್ರಾಹಕ ಕಾಯ್ದೆ ಇದೆ. 2019ರ ಕಾಯ್ದೆ ಪ್ರಕಾರ ಕೆಟ್ಟ ರಿಪೇರಿ ಸೇವಾ ನ್ಯೂನತೆ ಆಗುತ್ತದೆ. ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ನಿಮ್ಮ ಹತ್ತಿರ ಬಿಲ್ ಇಲ್ಲದಿದ್ದರೂ ಫೋನ್‌ಪೇ ದಾಖಲೆ, ವಾಟ್ಸಾಪ್ ಮಾತು ಇರುತ್ತದಲ್ವಾ, ಯಾವುದನ್ನೂ ಅಳಿಸಬೇಡಿ. ಮೊದಲು ಏನಾಯಿತು, ಏನು ಬೇಕು, ಎಷ್ಟು ದಿನದಲ್ಲಿ ಅಂತ ಒಂದು ಪುಟದ ನೋಟಿಸ್ ಬರೆದು ಸ್ಪೀಡ್ ಪೋಸ್ಟಲ್ಲಿ ಕಳಿಸಿ. 1915 ಸಹಾಯವಾಣಿಗೂ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಕಡ್ಡಾಯ ಅಲ್ಲ, ಈ ಮೊತ್ತಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು. ಓಡಾಟ ಇದ್ದೇ ಇರುತ್ತದೆ, ಅದಕ್ಕೇ ಮಾತಲ್ಲಿ ಮುಗಿದರೆ ನನಗೆ ಜಾಸ್ತಿ ಸಮಾಧಾನ.

ಗುಜರಿ ಇಂಜಿನ್ ಮಾತ್ರ ಖಂಡಿತ ಬೇಡ. ಇಂಜಿನ್ ನಂಬರ್ ಬದಲಾಗುತ್ತದೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸದಿದ್ದರೆ ಪೊಲೀಸ್ ತಪಾಸಣೆಯಲ್ಲೂ ಇನ್ಶೂರೆನ್ಸ್ ಕ್ಲೇಮಲ್ಲೂ ಸಿಕ್ಕಿಹಾಕಿಕೊಳ್ಳುತ್ತೀರಿ. ಆ ಇಂಜಿನ್ ಯಾರ ಗಾಡಿಯದ್ದೋ ಏನೋ. ನಿಮ್ಮದು 2009ರ ಗಾಡಿ, 15 ವರ್ಷ ದಾಟಿದೆ. ಆರ್‌ಸಿ ರಿನ್ಯೂ ಆಗಿದೆಯಾ? ಆಗಿಲ್ಲದಿದ್ದರೆ ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಇನ್ನಷ್ಟು ದುಡ್ಡು ಹಾಕುವ ಯೋಚನೆ ಮಾಡಿ.

ಸದ್ಯಕ್ಕೆ ಪ್ಲಗ್ ಬಿಚ್ಚಿ ಅದರ ಮೂತಿಯ ಫೋಟೋ, ಬಿಲ್ಲಿನ ಫೋಟೋ, ಏರ್ ಫಿಲ್ಟರ್ ಫೋಟೋ ಇಲ್ಲೇ ಹಾಕಿ. ಗ್ಯಾರೇಜಿನ ಹೆಸರು, ಫೋನ್ ನಂಬರ್ ಮುಚ್ಚಿ ಹಾಕಿ. ಯಾವ ಊರು ಅಂತಲೂ ಹೇಳಿ. ಹತ್ತಿರದಲ್ಲಿ ಕಂಪ್ರೆಷನ್ ಗೇಜ್, ಬೋರ್ ಗೇಜ್ ಇಟ್ಟುಕೊಂಡಿರುವವರು ಗುಂಪಿನಲ್ಲಿ ಯಾರಾದರೂ ಇದ್ದರೆ ಅವರೇ ಬಂದು ನೋಡುವ ಹಾಗೆ ಕೇಳೋಣ.