ಎಂಟು ವರ್ಷದ ಆ ಕವಿ ಯಾರು?

ಪ್ರಶ್ನೆ: ಬ್ರಿಟನ್ನಿನ ರಾಕ್ ಸಂಗೀತ ತಂಡ ಜೆಥ್ರೋ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ ಆಲ್ಬಂಗೆ ಸಾಹಿತ್ಯ ಬರೆದವನು ಜೆರಾಲ್ಡ್ ಬಾಸ್ಟಾಕ್ ಎಂಬ ಎಂಟು ವರ್ಷದ ಹುಡುಗನಂತೆ, ಹೌದೇ? ಇಡೀ ಆಲ್ಬಂ ಒಂದೇ ಹಾಡು. ಅಷ್ಟು ಹೊತ್ತು ಕೂತು ಕೇಳುವಂಥದ್ದು ಅದರಲ್ಲಿ ಏನಿದೆ?

ಉತ್ತರ: ಅಂಥ ಹುಡುಗನೇ ಇರಲಿಲ್ಲ. ಬರೆದವರು ತಂಡದ ಗಾಯಕ, ಕೊಳಲುವಾದಕ ಇಯಾನ್ ಆ್ಯಂಡರ್ಸನ್. ಆದರೂ ನಂಬಿದವರನ್ನು ದೂರುವಂತಿಲ್ಲ. 1972ರ ಆ ಎಲ್‌ಪಿ ರೆಕಾರ್ಡಿನಲ್ಲಿ ಬರೆದವರ ಜಾಗದಲ್ಲಿ ಜೆರಾಲ್ಡ್‌ನ ಹೆಸರನ್ನೂ ಅಚ್ಚು ಹಾಕಿಸಿದ್ದರು.

ಹಿಂದಿನ ವರ್ಷ ಇದೇ ತಂಡದ ‘ಅಕ್ವಾಲಂಗ್’ ಆಲ್ಬಂ ಬಂದಾಗ ವಿಮರ್ಶಕರು ಅದನ್ನು ಕಾನ್ಸೆಪ್ಟ್ ಆಲ್ಬಂ, ಅಂದರೆ ಎಲ್ಲ ಹಾಡುಗಳನ್ನೂ ಒಂದೇ ವಿಷಯ ಹೆಣೆಯುವ ಆಲ್ಬಂ, ಎಂದು ಕರೆದರು. ಅವು ಬಿಡಿ ಹಾಡುಗಳು ಎಂದು ಆ್ಯಂಡರ್ಸನ್ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾದರೆ ಕಾನ್ಸೆಪ್ಟ್ ಆಲ್ಬಂಗಳನ್ನೆಲ್ಲ ಅಣಕಿಸುವಂಥ ಒಂದು ಕಾನ್ಸೆಪ್ಟ್ ಆಲ್ಬಂ ಮಾಡೋಣ ಎಂದು ಹೊರಟರು.

ಅಣಕವೆಲ್ಲ ಇರುವುದು ರೆಕಾರ್ಡಿನ ಹೊದಿಕೆಯಲ್ಲಿ. ಅದು ಬಿಡಿಸಿ ಓದಬಹುದಾದ 12 ಪುಟಗಳ ಊರ ಪತ್ರಿಕೆ. ಮುಖಪುಟದಲ್ಲೇ ಜೆರಾಲ್ಡ್‌ನ ಸುದ್ದಿ: ಪದ್ಯಕ್ಕೆ ಬಹುಮಾನ ಬಂತು, ಜನ ಆಕ್ಷೇಪಿಸಿದರು, ಮನೋವೈದ್ಯರು ಹುಡುಗನ ಮನಸ್ಸು ಸರಿಯಿಲ್ಲವೆಂದರು, ಬಹುಮಾನ ಕಿತ್ತುಕೊಂಡರು. ಒಳಗೆ ಪದಬಂಧ, ಚುಕ್ಕಿ ಸೇರಿಸುವ ಚಿತ್ರ, ಸಣ್ಣ ಜಾಹೀರಾತುಗಳು, ಇದೇ ಆಲ್ಬಂನ ವಿಮರ್ಶೆ ಕೂಡ! ಸಂಗೀತಕ್ಕಿಂತ ಈ ಪತ್ರಿಕೆಗೇ ಹೆಚ್ಚು ಸಮಯ ಹಿಡಿಯಿತಂತೆ.

ಸಂಗೀತದಲ್ಲಿ ಮಾತ್ರ ಹುಡುಗಾಟಿಕೆ ಇಲ್ಲ. ನಾನು ಈ ಆಲ್ಬಂ ಅನ್ನು ಇಷ್ಟು ಹಚ್ಚಿಕೊಂಡಿರುವುದೂ ಅದಕ್ಕೇ. ಆ್ಯಂಡರ್ಸನ್ ಬೆಳಿಗ್ಗೆ ಒಂದಿಷ್ಟು ಬರೆಯುತ್ತಿದ್ದರು, ಮಧ್ಯಾಹ್ನ ತಂಡ ಅದನ್ನು ಕಲಿಯುತ್ತಿತ್ತು. ಹೀಗೆ ತುಂಡು ತುಂಡಾಗಿ ಬೆಳೆದದ್ದು ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ 43 ನಿಮಿಷಗಳ ಒಂದೇ ಹರಿವಾಯಿತು. ನಡುವೆ ಬಿಡುವು ಸಿಗುವುದು ರೆಕಾರ್ಡ್ ಮಗುಚಿ ಹಾಕಲು ಮಾತ್ರ. ಆರಂಭದಲ್ಲಿ ಗಿಟಾರಿನ ತಂತಿಯನ್ನು ಮೆಲ್ಲಗೆ ಮೀಟುತ್ತಾರೆ, ಕೊಳಲು ಚಿಕ್ಕದಾಗಿ ಉತ್ತರ ಕೊಡುತ್ತದೆ. ಮೂರು ನಿಮಿಷ ಹೀಗೇ. ಆಮೇಲೆ ಜಾನ್ ಇವಾನ್‌ರ ಆರ್ಗನ್, ಹೊಸದಾಗಿ ತಂಡ ಸೇರಿದ್ದ ಬ್ಯಾರಿಮೋರ್ ಬಾರ್ಲೋ ಅವರ ಡ್ರಮ್ಸ್ ಒಟ್ಟಿಗೇ ನುಗ್ಗುತ್ತವೆ. ಬಹಳ ಜನ ಕೇಳಿರುವುದು ಆ ಮೊದಲ ಮೂರು ನಿಮಿಷ ಅಷ್ಟೇ. ಅಲ್ಲಿಗೆ ನಿಲ್ಲಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಸಾಹಿತ್ಯಕ್ಕೆ ಕಥೆಯ ನೇರ ಎಳೆಯಿಲ್ಲ. ಆದರೆ ಒಂದು ಮಗು ಹುಟ್ಟುತ್ತದೆ, ಅದು ಕಾದಾಟಕ್ಕೆ ಯೋಗ್ಯ ಎಂದು ಹಿರಿಯರು ತೀರ್ಪು ಕೊಡುತ್ತಾರೆ, ಇವನನ್ನು ಗಂಡಸು ಮಾಡುತ್ತೇವೆ, ಕಸುಬಿಗೆ ಹಚ್ಚುತ್ತೇವೆ ಎನ್ನುತ್ತಾರೆ. ಇನ್ನೂ ಮಾತು ಕಲಿಯದ ಕೂಸಿನ ಮೇಲೆ ಇಷ್ಟೆಲ್ಲ ಹೇರುವ ಆ ಸಾಲುಗಳು ಬಂದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಅಣಕವೆಂದುಕೊಂಡು ಕೊಂಡವರಿಗೂ ಇದು ತಟ್ಟಿರಬೇಕು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಜನಪ್ರಿಯತೆಯ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೇರಿತು.

ಜೆರಾಲ್ಡ್ ದೊಡ್ಡವನಾಗಿ ಏನಾಗಿರಬಹುದು ಎಂದು ಆ್ಯಂಡರ್ಸನ್ 2012ರಲ್ಲಿ ಮುಂದಿನ ಭಾಗವನ್ನೂ ತಂದರು. ಅದು ಆಮೇಲಾಗಲಿ. ಮೊದಲನೆಯದನ್ನು ಪೂರ್ತಿ ಪತ್ರಿಕೆಯಿರುವ ಆವೃತ್ತಿಯಲ್ಲೇ ಹುಡುಕಿ. ಸಿಡಿ ಹೊದಿಕೆಗೆ ಕುಗ್ಗಿಸಿದ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ.