ಡಂಗುರ ಸಾರಿದರು, ಅವ್ವನಿಗೆ ಕೇಳಿಸಲಿಲ್ಲ

ಪ್ರಶ್ನೆ: ವಿಪತ್ತು ನಿರ್ವಹಣೆಯ ತರಬೇತಿಗೆ ಹೋಗಿದ್ದೆ. ‘ಎಲ್ಲರನ್ನೂ ಒಳಗೊಳ್ಳಬೇಕು’ ಎಂದು ಹೇಳಿಕೊಟ್ಟರು. ಹೆಂಗಸರು, ಅಂಗವಿಕಲರು, ವಯಸ್ಸಾದವರು ಎಂದು ಬೇರೆ ಬೇರೆ ಪಟ್ಟಿ ಮಾಡಬೇಕಂತೆ. ನೀರು ಗಂಡು ಹೆಣ್ಣು ಅಂತ ನೋಡಿಕೊಂಡು ಬರುತ್ತದೆಯೇ? ಮೊದಲು ಎಲ್ಲರನ್ನೂ ಉಳಿಸೋಣ, ಅಲ್ವಾ?
– ಶಾಲಾ ಶಿಕ್ಷಕರು, ರಾಯಚೂರು

ಉತ್ತರ: ಮೇಷ್ಟ್ರೇ, ನೀರು ನೋಡಿಕೊಂಡು ಬರುವುದಿಲ್ಲ, ನಿಜ. ಆದರೆ 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಟ್ಟಗ್ರಾಮ ಕರಾವಳಿಯಲ್ಲಿ ಏನಾಯಿತು ನೋಡಿ. ಚಂಡಮಾರುತದ ಜೊತೆ ಸುಮಾರು 6 ಮೀಟರ್ ಎತ್ತರಕ್ಕೆ ಸಮುದ್ರದ ನೀರು ಊರುಗಳಿಗೆ ನುಗ್ಗಿತು. ಹತ್ತಿರ ಹತ್ತಿರ 1 ಲಕ್ಷ 40 ಸಾವಿರ ಜನ ಸತ್ತರು. ಆಮೇಲೆ ಲೆಕ್ಕ ಹಾಕಿದರು. 20ರಿಂದ 44 ವರ್ಷದ ಗಂಡಸರಲ್ಲಿ ಸಾವಿರಕ್ಕೆ 15 ಮಂದಿ ಸತ್ತಿದ್ದರು. ಅದೇ ವಯಸ್ಸಿನ ಹೆಂಗಸರಲ್ಲಿ ಸಾವಿರಕ್ಕೆ 71.

ಇದು ಗಟ್ಟಿಮುಟ್ಟಾಗಿರುವ ವಯಸ್ಸು. ಓಡಬಲ್ಲವರು, ಮರ ಹತ್ತಬಲ್ಲವರು. ಹಾಗಿದ್ದೂ ಐದು ಪಟ್ಟಿನಷ್ಟು ವ್ಯತ್ಯಾಸ ಹೇಗೆ ಬಂತು?

ಬದುಕುಳಿದವರನ್ನು ಕೇಳಿದಾಗ ಒಂದೊಂದೇ ಕಾರಣ ಹೊರಬಂತು. ಗಂಡ ಮನೆಗೆ ಬರಲಿ, ಅವರನ್ನು ಕೇಳಿ ಹೊರಡೋಣ ಎಂದು ಎಷ್ಟೋ ಹೆಂಗಸರು ಕಾದರು. ಕಂಕುಳಲ್ಲೊಂದು, ಕೈಯಲ್ಲೊಂದು ಮಗು. ಕೆಲವರ ಸೀರೆ ಕಾಲಿಗೆ ಸುತ್ತಿಕೊಂಡಿತು. ಈಜು ಯಾರೂ ಕಲಿಸಿರಲಿಲ್ಲ. ಇನ್ನು ಆಶ್ರಯ ಕಟ್ಟಡವೆಂದರೆ ಒಂದೇ ಕೋಣೆ, ಅಪರಿಚಿತ ಗಂಡಸರ ನಡುವೆ ಇಡೀ ರಾತ್ರಿ. ಹೆಂಗಸರಿಗೆ ಬೇರೆ ಶೌಚಾಲಯ ಇಲ್ಲ. ಮುಟ್ಟಾದವಳು, ಹಾಲೂಡಿಸುವವಳು, ತುಂಬು ಗರ್ಭಿಣಿ ಅಲ್ಲಿಗೆ ಹೋಗಲು ಹಿಂಜರಿದರೆ ಅವಳನ್ನು ದೂರುವುದು ಹೇಗೆ?

‘ಎಲ್ಲರನ್ನೂ ಉಳಿಸೋಣ’ ಎಂದು ಸುಮ್ನೆ ಹೊರಟರೆ, ಓಡಬಲ್ಲವರು ಉಳಿಯುತ್ತಾರೆ. ಅದಕ್ಕೇ ಆ ಪಟ್ಟಿ.

ಬಾಂಗ್ಲಾದೇಶ ಇದನ್ನು ಬಹಳ ದೊಡ್ಡ ಬೆಲೆ ಕೊಟ್ಟು ಕಲಿತ ದೇಶ. 1970ರ ನವೆಂಬರ್‌ನಲ್ಲಿ, ಅದಿನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ, ಭೋಲಾ ಚಂಡಮಾರುತಕ್ಕೆ ಕನಿಷ್ಠ 3 ಲಕ್ಷ ಜನ ಬಲಿಯಾದರು. ಸ್ವತಂತ್ರವಾದ ಬೆನ್ನಲ್ಲೇ ಹೊಸ ಸರ್ಕಾರವೂ ರೆಡ್ ಕ್ರಾಸ್‌ನವರೂ ಸೇರಿ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಶುರು ಮಾಡಿದರು. ಊರಿನವರೇ ಸ್ವಯಂಸೇವಕರು. ಕೈಯಲ್ಲಿ ಮೆಗಾಫೋನ್, ಕೈಯಿಂದ ತಿರುಗಿಸುವ ಸೈರನ್, ಬಾವುಟ. ಅಪಾಯ ಹೆಚ್ಚಿದಂತೆ ಒಂದು ಬಾವುಟ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಓದು ಬಾರದವರಿಗೂ, ಕಿವಿ ಕೇಳದವರಿಗೂ ಅದು ಅರ್ಥವಾಗುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅಲ್ಲಿನ ಬಂದರುಗಳ ಅಪಾಯ ಸಂಕೇತಗಳನ್ನು ರೂಪಿಸಿದ್ದು ಹಡಗಿನವರಿಗಾಗಿ. 5, 6, 7 ಎಂಬ ಮೂರು ಸಂಖ್ಯೆಗಳೂ ಸೂಚಿಸುವುದು ಒಂದೇ ಮಟ್ಟದ ಅಪಾಯವನ್ನು. ಚಂಡಮಾರುತ ಬಂದರಿನ ಯಾವ ಮಗ್ಗುಲಿಗೆ ದಾಟುತ್ತದೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ. ರೇಡಿಯೊದಲ್ಲಿ ‘5’ ಎಂದು ಕೇಳಿದ ರೈತ, ‘7 ಆಗಲಿ, ಆಮೇಲೆ ಹೊರಟರಾಯಿತು’ ಎಂದುಕೊಂಡರೆ ತಪ್ಪು ಅವನದಲ್ಲ. ಕೇಳುವವನು ಯಾರು ಎಂದು ಯೋಚಿಸದೆ ಎಚ್ಚರಿಕೆ ಕೊಟ್ಟರೆ ಹೀಗಾಗುತ್ತದೆ.

ಈಗ ಆ ಕಾರ್ಯಕ್ರಮದಲ್ಲಿ ಸುಮಾರು 76 ಸಾವಿರ ಸ್ವಯಂಸೇವಕರಿದ್ದಾರೆ. ಅರ್ಧದಷ್ಟು ಹೆಂಗಸರು. ಒಬ್ಬ ಹೆಂಗಸು ಇನ್ನೊಬ್ಬಳ ಅಡುಗೆಮನೆಯವರೆಗೂ ಹೋಗಿ, ‘ಏಳಮ್ಮ, ನಾನೂ ಬರ್ತೀನಿ, ಹೊರಡೋಣ’ ಎನ್ನಬಲ್ಲಳು. ಬೀದಿಯಲ್ಲಿ ನಿಂತು ಮೈಕಿನಲ್ಲಿ ಕೂಗುವ ಗಂಡಸಿಗೆ ಅದು ಸಾಧ್ಯವಿಲ್ಲ. ನನ್ನ ಮಟ್ಟಿಗೆ, ಇಷ್ಟು ವರ್ಷಗಳಲ್ಲಿ ಅಲ್ಲಿ ಆದ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಹೊಸ ಆಶ್ರಯ ಕಟ್ಟಡಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ, ವೀಲ್‌ಚೇರ್ ಹತ್ತುವಂಥ ಇಳಿಜಾರು ದಾರಿ ಬಂದಿವೆ.

ದನಗಳಿಗೂ ಜಾಗ ಇದೆ. ಮಣ್ಣು ಪೇರಿಸಿ ಮಾಡಿದ ಎತ್ತರದ ದಿಬ್ಬಕ್ಕೆ ಅಲ್ಲಿ ‘ಕಿಲ್ಲಾ’ ಎನ್ನುತ್ತಾರೆ. ಇರುವ ಒಂದೇ ಆಸ್ತಿ ಹಸುವಾದರೆ, ಅದನ್ನು ಕೊಟ್ಟಿಗೆಯಲ್ಲಿ ಬಿಟ್ಟು ಯಾರು ಬರುತ್ತಾರೆ ಹೇಳಿ? 2020ರ ಮೇ ತಿಂಗಳಲ್ಲಿ, ಕೊರೊನಾ ನಡುವೆಯೇ ಆಂಫಾನ್ ಚಂಡಮಾರುತ ಬಂದಾಗ ಬಾಂಗ್ಲಾದೇಶ ಸುಮಾರು 24 ಲಕ್ಷ ಜನರನ್ನೂ 5 ಲಕ್ಷದಷ್ಟು ಜಾನುವಾರುಗಳನ್ನೂ ಸ್ಥಳಾಂತರಿಸಿತು. ಜನ ಗುಂಪುಗೂಡಬಾರದೆಂದು ಶಾಲೆಗಳನ್ನೂ ತೆರೆದರು. ಆ ದೇಶದಲ್ಲಿ ಸತ್ತವರ ಸಂಖ್ಯೆ 30ರ ಒಳಗಿತ್ತು.

ಪ್ರಶ್ನೆ: ಹಾಗಾದರೆ ಬಾಂಗ್ಲಾದೇಶ ಈ ವಿಷಯದಲ್ಲಿ ಗೆದ್ದಂತೆಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಅಲ್ಲಿನ ಕಾಕ್ಸ್ ಬಜಾರ್ ಜಿಲ್ಲೆಯ ಶಿಬಿರಗಳಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ 10 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ನಿರಾಶ್ರಿತರಿದ್ದಾರೆ. ಮನೆ ಎಂದರೆ ಬಿದಿರು, ಟಾರ್ಪಾಲು. ಗಟ್ಟಿ ಮನೆ ಕಟ್ಟಿಕೊಳ್ಳಲು ಅನುಮತಿ ಇಲ್ಲ. ನಿರಾಶ್ರಿತರಿಗೇ ಸ್ವಯಂಸೇವಕರಾಗಿ ತರಬೇತಿ ಕೊಟ್ಟಿದ್ದಾರೆ, ಅದು ಒಳ್ಳೆಯ ಕೆಲಸ. ಆದರೆ ಬಾವುಟ ಮೂರಾದಾಗ ಅವರು ಎಲ್ಲಿಗೆ ಹೋಗಬೇಕು? ಕರಾವಳಿಯವರಿಗಿರುವಂಥ ಕಾಂಕ್ರೀಟ್ ಕಟ್ಟಡ ಅಷ್ಟು ಜನಕ್ಕೆ ಅಲ್ಲಿಲ್ಲ. ಎಚ್ಚರಿಕೆ ಕೇಳಿಸಿಕೊಂಡೂ ಅದೇ ಟಾರ್ಪಾಲಿನ ಕೆಳಗೆ ಕೂರಬೇಕಾದ ಜನ ಅವರು. ನನಗೆ ತುಂಬಾ ಸಂಕಟವಾಗುವ ವಿಷಯ ಇದು.

ಹಾಗೆಂದು ಇದು ಬಡ ದೇಶಗಳದ್ದೇ ಸಮಸ್ಯೆ ಅಂದುಕೊಳ್ಳಬೇಡಿ. 2011ರ ಸುನಾಮಿಯಲ್ಲಿ ಜಪಾನಿನಲ್ಲೂ ಅಂಗವಿಕಲರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟಿತ್ತು.

ಪ್ರಶ್ನೆ: ನಮ್ಮದು ಮಲಪ್ರಭಾ ದಂಡೆಯ ಹಳ್ಳಿ. 2019ರ ಆಗಸ್ಟ್‌ನಲ್ಲಿ ನೀರು ಬಂದಾಗ ಡಂಗುರ ಸಾರಿದರು. ನಮ್ಮ ಅವ್ವನಿಗೆ ಕಿವಿ ಕೇಳಿಸುವುದಿಲ್ಲ, ಎದ್ದು ನಡೆಯಲೂ ಆಗುವುದಿಲ್ಲ. ನೀರು ಹೊಸ್ತಿಲು ದಾಟಿದ ಮೇಲೆ ಪಕ್ಕದ ಮನೆಯ ಹುಡುಗರು ಬಂದು ಹೊತ್ತುಕೊಂಡು ಹೋದರು. ಈಗ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮಳೆಗಾಲ ಬಂದರೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಆ ಹುಡುಗರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಯೋಜನೆ ಅವರಿಂದಲೇ ಶುರುವಾಗಲಿ.

ಬಾಂಗ್ಲಾದೇಶದ ಉತ್ತರ ಭಾಗದಲ್ಲಿ ಗಾಯ್‌ಬಾಂಧಾ ಎಂಬ ಜಿಲ್ಲೆ ಇದೆ. ಬ್ರಹ್ಮಪುತ್ರ ಪ್ರತಿ ವರ್ಷ ನುಗ್ಗುವ ಜಾಗ. ಅಲ್ಲಿ ಅಂಗವಿಕಲರೇ ಗುಂಪು ಕಟ್ಟಿಕೊಂಡು ಮನೆಮನೆಗೆ ಹೋದರು. ಯಾರಿಗೆ ಕಣ್ಣು ಕಾಣುವುದಿಲ್ಲ, ಯಾರನ್ನು ಎತ್ತಬೇಕು, ಯಾರಿಗೆ ದೋಣಿ ಬೇಕು ಎಂದು ಪಟ್ಟಿ ಮಾಡಿದರು. ಸ್ಥಳೀಯ ವಿಪತ್ತು ಸಮಿತಿಯಲ್ಲೂ ಕೂತು ಮಾತಾಡಿದರು. ಪಟ್ಟಿ ಕಚೇರಿಯಲ್ಲಿ ತಯಾರಾಗಿದ್ದರೆ ನಿಮ್ಮ ಅವ್ವನಂಥವರು ಬಿಟ್ಟುಹೋಗುವ ಸಾಧ್ಯತೆಯೇ ಜಾಸ್ತಿ.

ನಮ್ಮಲ್ಲಿ ಇದಕ್ಕೆ ಕಾನೂನಿನ ಬಲವೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಜಿಲ್ಲೆಯ ಅಂಗವಿಕಲರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡಿರಬೇಕು. ಅಪಾಯ ಬಂದಾಗ ಅವರಿಗೆ ತಿಳಿಸುವ ವ್ಯವಸ್ಥೆಯನ್ನೂ ಮಾಡಬೇಕು. ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ‘ಅವ್ವನ ಹೆಸರು ಆ ವಿವರದಲ್ಲಿದೆಯೇ?’ ಎಂದು ಒಂದು ಅರ್ಜಿ ಬರೆಯಿರಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಕಂಡು ಹೆಸರು ಬರೆಸಿ. ಊರಿನಲ್ಲಿ ವಿಆರ್‌ಡಬ್ಲ್ಯೂ ಎಂದರೆ ತೋರಿಸುತ್ತಾರೆ.

ಆದರೆ ಅರ್ಜಿ ಬಂದು ಅವ್ವನನ್ನು ಎತ್ತುವುದಿಲ್ಲ. ಪಕ್ಕದ ಮನೆಯ ಇಬ್ಬರನ್ನು ಹೆಸರು ಹಿಡಿದು ಗೊತ್ತು ಮಾಡಿ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂಬ ಸುದ್ದಿ ಬಂದ ಕೂಡಲೇ ಬಂದು ಅವ್ವನ ಭುಜ ಮುಟ್ಟಿ, ಗೊತ್ತು ಮಾಡಿಕೊಂಡ ಸನ್ನೆಯಲ್ಲಿ ಹೇಳಬೇಕು. ಆ ಸನ್ನೆ ಯಾವುದೆಂದು ಅವ್ವನೇ ಹೇಳಲಿ. ಗಟ್ಟಿ ಕುರ್ಚಿಯೊಂದಕ್ಕೆ ಎರಡು ಬಿದಿರು ಬಿಗಿದರೆ ಇಬ್ಬರು ಸುಲಭವಾಗಿ ಹೊರಬಹುದು. ಅವ್ವನನ್ನು ಕೂರಿಸಿಕೊಂಡು ಒಮ್ಮೆ ಹೊತ್ತು ನೋಡಲಿ. ಔಷಧಿ, ಆಧಾರ್, ಪಿಂಚಣಿ ಕಾಗದ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಸಿಗೆಯ ಪಕ್ಕವೇ ಇರಲಿ. ಜಿಲ್ಲಾ ಕಂಟ್ರೋಲ್ ರೂಮಿನ 1077 ಆ ಹುಡುಗರ ಮೊಬೈಲ್‌ನಲ್ಲೂ ಇರಲಿ. ಬೆಂಗಳೂರಿನಿಂದ ಕರೆ ಮಾಡುವಾಗ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಿ.

ಕೊನೆಯದಾಗಿ, ಮುಂದಿನ ಸಲ ಊರಿಗೆ ಹೋದಾಗ ಕಾಳಜಿ ಕೇಂದ್ರ ತೆರೆಯುವ ಶಾಲೆಗೆ ಅವ್ವನನ್ನು ಕರೆದುಕೊಂಡು ಹೋಗಿ ಬನ್ನಿ. ಮೆಟ್ಟಿಲು ಎಷ್ಟಿವೆ, ಶೌಚಾಲಯದ ಬಾಗಿಲಿನಲ್ಲಿ ಕುರ್ಚಿ ಹೋಗುತ್ತದೆಯೇ, ರಾತ್ರಿ ಅಲ್ಲಿ ದೀಪ ಇರುತ್ತದೆಯೇ ನೋಡಿ. ಕುರ್ಚಿ ಹೋಗದಿದ್ದರೆ ಒಂದು ಫೋಟೊ ತೆಗೆದು, ಮೇ ತಿಂಗಳೊಳಗೆ ಪಿಡಿಒ ಅವರಿಗೆ ಕೊಡಿ. ಜೂನ್‌ನಲ್ಲಿ ಕೊಟ್ಟರೆ ಗಾರೆ ಕೆಲಸಕ್ಕೆ ಸಮಯ ಇರುವುದಿಲ್ಲ.