ಮುತ್ತಿಗೆ ಮುಗಿದ ಮೇಲೆ ಮನೆಗೆ ಕಾಗದ

ಪ್ರಶ್ನೆ: ಸಾರ್, ನಮ್ಮಣ್ಣ ಮಿಲಿಟರಿಲಿದಾನೆ, ಯಾವಾಗ ಫೋನ್ ಮಾಡಿದ್ರೂ ಆರಾಮಿದೀನಿ, ಊಟ ಆಯ್ತು ಅಂತಾನೆ, ಅಷ್ಟೇ. ಹಿಂದೆ ಮುತ್ತಿಗೆಲಿ ಸಿಕ್ಕಾಕೊಂಡು ಬದುಕುಳಿದ ಸೈನಿಕರೂ ಮನೆಗೆ ಹಿಂಗೇ ಬರೀತಿದ್ರಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಹಿಂಗೇ ಕಣಮ್ಮ. ದಕ್ಷಿಣ ಆಫ್ರಿಕಾದ ಲೇಡಿಸ್ಮಿತ್‌ನ ಕತೆ ಕೇಳಿ, ಬೋಯರ್ ಸೇನೆ, ಅಂದ್ರೆ ಅಲ್ಲೇ ನೆಲೆಸಿದ್ದ ಡಚ್ ಮೂಲದ ಬಿಳಿಯರ ಸೇನೆ, 1899ರ ನವೆಂಬರ್ 2ರಿಂದ 118 ದಿನ ಬ್ರಿಟಿಷ್ ಸೈನಿಕರಿದ್ದ ಆ ಊರನ್ನ ಸುತ್ತುಗಟ್ಟಿತ್ತು, ತಂತಿ ಕಟ್, ಹೊರಗಿನ ಬ್ರಿಟಿಷ್ ಸೈನ್ಯದ ಜೊತೆ ಮಾತಾಡ್ಬೇಕಂದ್ರೆ ಕನ್ನಡಿಲಿ ಬಿಸಿಲು ಮಿನುಗಿಸಿ ಸಿಗ್ನಲ್ ಕೊಡ್ಬೇಕು, ಮೋಡ ಬಂತೋ ಅದೂ ಬಂದ್. ಕೊನೆಕೊನೆಗೆ ತಾವು ಸಾಕಿದ ಕುದುರೆನೇ ಕಡಿದು ಬೇಯಿಸಿ ಅದರ ಸಾರು ಕುಡಿದ್ರು. ಶೆಲ್‌ಗಿಂತ ಟೈಫಾಯ್ಡಿಗೇ ಜಾಸ್ತಿ ಜನ ಹೋದ್ರು. ನಮ್ಮ ದೇಶದಿಂದ ಕೂಲಿಗೆ ಹೋಗಿದ್ದ ಪ್ರಭು ಸಿಂಗ್ ಅನ್ನೋನು ಬೋಯರ್ ಫಿರಂಗಿ ಮಿಂಚಿದ್ದು ಕಂಡ ತಕ್ಷಣ ಗಂಟೆ ಬಾರಿಸಿ ಊರಿಗೆಲ್ಲ ಎಚ್ಚರಿಕೆ ಕೊಡ್ತಿದ್ದ, ಎಂಥಾ ಗುಂಡಿಗೆ ನೋಡಿ!

1900ರ ಫೆಬ್ರವರಿ 28ಕ್ಕೆ ಬಿಡುಗಡೆ ಆಯ್ತು. ಇಷ್ಟೆಲ್ಲ ಅನುಭವಿಸಿದೋರು ಅವ್ವನಿಗೆ ಬರೆಯೋವಾಗ ಸ್ವಲ್ಪ ಸೊರಗಿದೀನಿ, ಈಗ ಪರವಾಗಿಲ್ಲ ಅನ್ನೋ ಧಾಟಿನೇ, ಕುದುರೆ ಸಾರನ್ನೂ ತಮಾಷೆ ಮಾಡಿ ತೇಲಿಸಿಬಿಡೋರು. ಸುಳ್ಳಲ್ಲ ಅದು, ಅಳತೆ ಹಾಕಿ ಹೇಳೋದು ಅಷ್ಟೇ. ಮುಂದಿನ ಸಲ ನಿಮ್ಮಣ್ಣನಿಗೆ ಹೇಗಿದೀಯ ಅನ್ಬೇಡಿ, ಇವತ್ತು ಮೆಸ್ಸಲ್ಲಿ ಏನ್ ಮಾಡಿದ್ರು ಅಂತ ಕೇಳಿ, ಅಲ್ಲಿಂದ ಮಾತು ಬಿಚ್ಕೊಳ್ಳುತ್ತೆ.